ಹಲಗೆಗೆ ಮೂರು ಪೆಟ್ಟು

ಮುಳಬಾಗಿಲು ಬೈಪಾಸಿನ ಪಕ್ಕದಲ್ಲಿರುವ ಕೋದಂಡರಾಮಪ್ಪನವರ ಲಾರಿ ಆಫೀಸಿಗೆ ಜನ ಈಗ ಟೀವಿ ಆಫೀಸು ಎನ್ನುತ್ತಾರೆ. ಅಲ್ಲಿರುವುದು ಟೀವಿಯಲ್ಲ, ಕಂಪ್ಯೂಟರು. ಆದರೂ ಜನರದೇನೂ ತಪ್ಪಿಲ್ಲ. ಗೋಡೆಗೆ ಬಡಿದ ದೊಡ್ಡ ಪರದೆ, ಅದರ ಮುಂದೆ ಒಂದು ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯಲ್ಲಿ ಬಲಗಾಲು ನೀಡಿಕೊಂಡು ಬೆಳಿಗ್ಗೆಯಿಂದ ಸಂಜೆಯವರೆಗೆ ಅದನ್ನೇ ನೋಡುತ್ತ ಕೂತ ವೆಂಕಟರಮಣಪ್ಪ. ಬೀದಿಯಲ್ಲಿ ಹೋಗುವವನು ಇನ್ನೇನು ಅಂದುಕೊಂಡಾನು? “ಪುಣ್ಯಾತ್ಮ ಕಣ್ಲಾ, ಸಂಬ್ಳ ತಗೊಂಡು ಟೀವಿ ನೋಡ್ತಾನೆ” ಎಂದು ಎದುರಿನ ಪಂಕ್ಚರ್ ಅಂಗಡಿಯವನು ಹತ್ತು ಜನರಿಗೆ ಹೇಳಿದ್ದಾನೆ. ಆ ಪುಣ್ಯಾತ್ಮ ಪರದೆಯಲ್ಲಿ ಏನು ನೋಡುತ್ತಾನೆಂದು ಗೊತ್ತಿದ್ದರೆ ಅವನು ಬಾಯಿ ಮುಚ್ಚಿಕೊಂಡು ಟ್ಯೂಬಿಗೆ ಗಾಳಿ ಹಾಕುತ್ತಿದ್ದ.

ಪರದೆಯಲ್ಲಿ ನಾಲ್ಕು ಚೌಕಗಳು, ಚೌಕಕ್ಕೊಂದು ಮುಖ. ನಾಲ್ಕು ಹೊಸ ಲಾರಿಗಳನ್ನು ಓಡಿಸುವ ನಾಲ್ಕು ಜನರ ಮುಖ. ಎರಡು ವರ್ಷದ ಹಿಂದೆ ನರಸಾಪುರದ ಒಂದು ಫ್ಯಾಕ್ಟರಿಯ ಸರಕನ್ನು ಚೆನ್ನೈ ಬಂದರಿಗೆ ಸಾಗಿಸುವ ಕೆಲಸ ಕೋದಂಡರಾಮಪ್ಪನವರಿಗೆ ಸಿಕ್ಕಿತು. ಸಿಕ್ಕಿತು ಎಂದರೆ ಸುಮ್ಮನೆ ಸಿಗಲಿಲ್ಲ. ಟೊಮೆಟೊ ಹೊತ್ತು ಮಾಸಿದ ಹಳೆಯ ಲಾರಿಗಳು ನಮ್ಮ ಗೇಟಿನೊಳಗೆ ಬರಕೂಡದು ಎಂದರು ಫ್ಯಾಕ್ಟರಿಯವರು. ಹಳೆಯವು ಹೋದವು, ಹೊಸವು ಬಂದವು. ಹೊಸ ಲಾರಿಯೊಳಗೆ ತಣ್ಣನೆ ಗಾಳಿ, ತೂಗುವ ಸೀಟು, ಎಲ್ಲಿ ಹೋಗುತ್ತಿದೆಯೆಂದು ಹೇಳುವ ಪೆಟ್ಟಿಗೆ, ಜೊತೆಗೆ ಡ್ರೈವರನ ಮುಖಕ್ಕೆ ನೇರವಾಗಿ ಒಂದು ಕ್ಯಾಮೆರಾ. ಡ್ರೈವರನ ಕಣ್ಣು ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಮುಚ್ಚಿದರೆ ಲಾರಿಯೊಳಗೆ ಮೂರು ಸಲ ಟಿಕ್ ಟಿಕ್ ಟಿಕ್. ಅದೇ ಹೊತ್ತಿಗೆ ಇಲ್ಲಿ ಆಫೀಸಿನಲ್ಲೂ ಮೂರು ಸಲ, ಮತ್ತು ಆ ಮುಖದ ಸುತ್ತ ಹಳದಿ ಗೆರೆ. ಒಂದು ವಾರದಲ್ಲಿ ಮೂರು ಹಳದಿ ಬಿದ್ದರೆ ಆ ಡ್ರೈವರನಿಗೆ ಫ್ಯಾಕ್ಟರಿ ಗೇಟು ಮುಚ್ಚಿತು.

ಇದನ್ನೆಲ್ಲ ತಂದು ಕೂರಿಸಿದವಳು ಕೋದಂಡರಾಮಪ್ಪನವರ ಮಗಳು ಚಂದನ. ಕೋಲಾರದಲ್ಲಿ ಓದಿ ಬಂದ ಚುರುಕು ಹುಡುಗಿ. ಗೋಡೆಯ ಮೇಲೆ ಅವಳೊಂದು ವೇಳಾಪಟ್ಟಿಯನ್ನೂ ಅಂಟಿಸಿದ್ದಳು. ಯಾವ ಲಾರಿ ಎಷ್ಟು ಹೊತ್ತಿಗೆ ನರಸಾಪುರ ಬಿಡಬೇಕು, ಎಷ್ಟು ಹೊತ್ತಿಗೆ ನಂಗಲಿ ದಾಟಬೇಕು, ಡ್ರೈವರ್ ಎಲ್ಲಿ ಊಟ ಮಾಡಬೇಕು, ಎಷ್ಟು ನಿಮಿಷ ಮಲಗಬೇಕು, ಎಲ್ಲವೂ ಅದರಲ್ಲಿತ್ತು. ಲಾರಿ ನಂಗಲಿ ದಾಟಿದ ಕೂಡಲೇ ಆಫೀಸಿನಿಂದ ಒಂದು ಫೋನು ಮಾಡಿ ಡ್ರೈವರನ ದನಿ ಕೇಳಬೇಕು ಎಂಬುದೂ ಅದರಲ್ಲೇ ಇತ್ತು. “ಪರದೆ ಮುಂದೆ ಕೂರೋದಕ್ಕೆ ನಿದ್ದೆ ಮಾಡದೆ ಇರೋ ಮನುಷ್ಯ ಬೇಕಪ್ಪ” ಎಂದು ಅವಳು ಕೇಳಿದಾಗ ಕೋದಂಡರಾಮಪ್ಪನವರು ನಕ್ಕು, “ಅದಕ್ಯಾಕಮ್ಮ ಯೋಚ್ನೆ? ವೆಂಕಟರಮಣಪ್ಪ ಇಲ್ವಾ?” ಎಂದರು.

ಸುತ್ತಲಿನ ಡ್ರೈವರುಗಳ ಬಾಯಲ್ಲಿ ವೆಂಕಟರಮಣಪ್ಪನೆಂದರೆ ನಿದ್ದೆ ಗೆದ್ದವನು. ಶ್ರೀನಿವಾಸಪುರದ ಮಾವು, ಮಾಲೂರಿನ ಇಟ್ಟಿಗೆ, ಕೋಲಾರದ ಟೊಮೆಟೊ, ಯಾವುದನ್ನು ತುಂಬಿದರೂ ಎರಡು ದಿನ ರೆಪ್ಪೆ ಮುಚ್ಚದೆ ಹೊಡೆಯುತ್ತಿದ್ದ. ಅದನ್ನು ಬೇರೆಯವರು ಹೇಳುವ ಮೊದಲೇ ತಾನೇ ಹೇಳಿಕೊಳ್ಳುವುದೂ ಇತ್ತು. “ನಿದ್ದೆ ಅಂತೆ ನಿದ್ದೆ, ಅದೇನು ಬಣ್ಣ ಇರುತ್ತೋ ನಾನ್ ನೋಡಿಲ್ಲ” ಎಂದು ಟೀ ಅಂಗಡಿಗಳಲ್ಲಿ ಮೀಸೆ ತಿರುವುತ್ತಿದ್ದ. ಈಗ ಅದೇ ಮಾತನ್ನು ಕೋದಂಡರಾಮಪ್ಪನವರು ನೆನಪಿಸಿದಾಗ ಅವನ ಮುಖ ಬೂದಿ ಬಣ್ಣಕ್ಕೆ ತಿರುಗಿತು. ಆದರೂ ಒಪ್ಪಿಕೊಂಡ. ಕಾಲು ಮುರಿದವನಿಗೆ ಇನ್ಯಾರು ಕೆಲಸ ಕೊಡುತ್ತಾರೆ?

ಕಾಲು ಮುರಿದದ್ದು ಒಂಬತ್ತು ವರ್ಷದ ಹಿಂದೆ, ನಂಗಲಿಯ ಹತ್ತಿರ, ಪೆದ್ದಪ್ಪ ಸತ್ತ ದಿನ.

ಪೆದ್ದಪ್ಪ ತಾಯಲೂರಿನ ಕಡೆಯವನು. ಹದಿನಾರು ವರ್ಷ ಇಬ್ಬರೂ ಒಂದೇ ಲಾರಿಯ ಡ್ರೈವರುಗಳು. ಒಬ್ಬ ಓಡಿಸಿದರೆ ಇನ್ನೊಬ್ಬ ಸೀಟಿನ ಹಿಂದಿನ ಹಲಗೆಯ ಮೇಲೆ ಮಲಗುತ್ತಿದ್ದ. ಪೆದ್ದಪ್ಪನ ಕಣ್ಣು ಹುಟ್ಟಿದಾಗಿನಿಂದಲೇ ಅರ್ಧ ಮುಚ್ಚಿದವು. ರೆಪ್ಪೆ ದಪ್ಪ, ಕೆಳಕ್ಕೆ ಜೋತು ಬಿದ್ದಿರುತ್ತಿದ್ದವು. ಮದುವೆಯಲ್ಲಿ ಫೋಟೋದವನು “ಕಣ್ಣು ಬಿಡಪ್ಪ ಮದುಮಗ” ಎಂದು ನಾಲ್ಕು ಸಲ ಹೇಳಿ, ಐದನೆಯ ಸಲ ಸೋತು ಹಾಗೇ ತೆಗೆದಿದ್ದ. ನಿದ್ದೆ ಪೆದ್ದಪ್ಪ ಎಂದೇ ಅವನಿಗೆ ಅಡ್ಡಹೆಸರು. ಆದರೆ ಆ ಅರ್ಧ ಕಣ್ಣಿನಲ್ಲೇ ಅವನು ಅರ್ಧ ಮೈಲಿ ದೂರದ ಎಮ್ಮೆಯನ್ನು ಕಾಣುತ್ತಿದ್ದ. ಇದು ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ಜೊತೆಯವನಿಗೆ ಗೊತ್ತಿತ್ತು.

ಆ ಹಲಗೆಗೆ ಸಂಬಂಧಿಸಿದ ಒಂದು ಕಟ್ಟುಪಾಡನ್ನು ಅವರಿಬ್ಬರೇ ಮಾಡಿಕೊಂಡಿದ್ದರು. ಮಲಗಿದವನನ್ನು ಕೈ ಹಿಡಿದು ಅಲುಗಾಡಿಸಬಾರದು, ಬೆಚ್ಚಿ ಏಳುತ್ತಾನೆ. ಕೂಗಲೂಬಾರದು. ಓಡಿಸುವವನು ಕೈ ಹಿಂದೆ ಚಾಚಿ ಹಲಗೆಗೆ ಮೂರು ಪೆಟ್ಟು ತಟ್ಟಬೇಕು. ಮಲಗಿದವನು “ಎದ್ದೆ” ಎನ್ನಬೇಕು. ಎದ್ದೆ ಎಂಬ ಮಾತು ಕಿವಿಗೆ ಬೀಳುವವರೆಗೆ ಸ್ಟೇರಿಂಗ್ ಬಿಡುವಂತಿಲ್ಲ. ಹದಿನಾರು ವರ್ಷ ಹೀಗೇ ನಡೆಯಿತು. ಗಂಡ ಹೆಂಡಿರ ನಡುವೆಯೂ ಇಷ್ಟು ಕರಾರುವಾಕ್ಕಾಗಿ ಯಾವ ಕಟ್ಟಳೆಯೂ ನಡೆಯುವುದಿಲ್ಲ.

ಆ ದಿನ ಚೆನ್ನೈ ಮಾರ್ಕೆಟ್ಟಿನಲ್ಲಿ ಟೊಮೆಟೊ ಇಳಿಸಿ ಖಾಲಿ ಕ್ರೇಟು ತುಂಬಿಕೊಂಡು ವಾಪಸು ಬರುತ್ತಿದ್ದರು. ಸರದಿಯ ಚೀಟಿ ಆಫೀಸಿನಲ್ಲಿತ್ತು. ಪಲಮನೇರಿನವರೆಗೆ ವೆಂಕಟರಮಣಪ್ಪ, ಅಲ್ಲಿಂದ ಕೋಲಾರಕ್ಕೆ ಪೆದ್ದಪ್ಪ. ಪಲಮನೇರಿನ ಟೀ ಅಂಗಡಿ ಬಂತು, ಹೋಯಿತು. ಹಲಗೆಗೆ ಕೈ ಚಾಚಲಿಲ್ಲ. ಬೆಳಿಗ್ಗೆ ಹಮಾಲರು ಬಾರದೆ ಪೆದ್ದಪ್ಪ ತಾನೇ ಅರ್ಧ ಲೋಡು ಇಳಿಸಿದ್ದ, ಪಾಪ, ಮಲಗಲಿ ಅನ್ನಿಸಿತು. ಕನಿಕರವೇನೋ ನಿಜ. ಅದರ ಬೆನ್ನಿಗೇ ಜಂಬವೂ ಕೂತಿತ್ತು. ಕೋಲಾರದಲ್ಲಿ ಇಳಿದ ಮೇಲೆ “ನಿನ್ನ ಸರದೀನೂ ನಾನೇ ಹೊಡ್ದೆ ಕಣೋ” ಎಂದು ನಾಲ್ಕು ಜನರ ಮುಂದೆ ಹೇಳಬಹುದಲ್ಲ! ಮಧ್ಯಾಹ್ನ ಮೂರು ಗಂಟೆ, ಹಾಡುಹಗಲು, ಗಾಜಿನ ತುಂಬ ಬಿಸಿಲು. ನಂಗಲಿ ಬರುವ ಮೊದಲು ಒಂದು ಕೆರೆ ಏರಿಯ ತಿರುವಿದೆ. ತಿರುವು ಶುರುವಾದದ್ದು ವೆಂಕಟರಮಣಪ್ಪನಿಗೆ ನೆನಪಿದೆ. ಮುಗಿದದ್ದು ನೆನಪಿಲ್ಲ.

ವೆಂಕಟರಮಣಪ್ಪ ಪಕ್ಕದ ಸೀಟಿನ ಕೆಳಗೆ ಉರುಳಿದ್ದನಂತೆ, ಹಲಗೆ ಮುರಿದು ಪೆದ್ದಪ್ಪ ಮುಂದಕ್ಕೆ ಬಂದು ಸ್ಟೇರಿಂಗಿನ ಮೇಲೆ ಬಿದ್ದಿದ್ದನಂತೆ. ಎಳೆದು ತೆಗೆದವರು ಅವನೇ ಓಡಿಸುತ್ತಿದ್ದ ಅಂದುಕೊಂಡರು. ಸರದಿ ಚೀಟಿ ನೋಡಿದರೆ ಅದರಲ್ಲೂ ಹಾಗೇ ಇತ್ತು. ಇನ್ನು ಅವನ ಕಣ್ಣು ನೋಡಿದವರಿಗಂತೂ ಬೇರೆ ಸಾಕ್ಷಿ ಬೇಕೇ ಇರಲಿಲ್ಲ. ವೆಂಕಟರಮಣಪ್ಪನಿಗೆ ಕೋಲಾರದ ಆಸ್ಪತ್ರೆಯಲ್ಲಿ ಸರಿಯಾಗಿ ಎಚ್ಚರ ಬರುವ ಹೊತ್ತಿಗೆ ಪೆದ್ದಪ್ಪನ ಹನ್ನೊಂದರ ಕರ್ಮಾಂತರವೂ ಆಗಿಹೋಗಿತ್ತು. ಕೋದಂಡರಾಮಪ್ಪನವರು ಪಕ್ಕದಲ್ಲಿ ಕೂತು, “ಪೆದ್ದಪ್ಪ ನಿದ್ದೆ ಮಾಡ್ದ ಅಂತ ಬರ್ಕೊಂಡವ್ರೆ. ಹಂಗೇ ತಾನೇ ಆಗಿದ್ದು?” ಎಂದರು.

“ಹೂಂ” ಎಂದ ವೆಂಕಟರಮಣಪ್ಪ.

ಅಷ್ಟೇ. ಒಂದು ಅಕ್ಷರ. ಆಮೇಲೆ ಅದನ್ನು ವಾಪಸು ತೆಗೆದುಕೊಳ್ಳುವುದಕ್ಕೆ ಒಂಬತ್ತು ವರ್ಷವಾದರೂ ಬಾಯಿ ಬರಲಿಲ್ಲ.

ಆ ದಿನ ಸಂಜೆಯೇ ಟೀವಿಯಲ್ಲೂ ಬಂದಿತ್ತಂತೆ. ಪಲ್ಟಿ ಹೊಡೆದ ಲಾರಿ, ಚೆಲ್ಲಾಡಿದ ಕ್ರೇಟುಗಳು, ಕೆಳಗೆ ಓಡುವ ಅಕ್ಷರಗಳಲ್ಲಿ ‘ಚಾಲಕನ ನಿದ್ದೆ ತಂದ ಸಾವು’. ಪೆದ್ದಪ್ಪನ ಹೆಂಡತಿ ಮುನಿಶಾಮಮ್ಮ ಅದನ್ನು ತನ್ನ ಮನೆಯ ಟೀವಿಯಲ್ಲಿ, ಗಂಡ ಹಿಂದಿನ ವರ್ಷವಷ್ಟೇ ಆಸೆಪಟ್ಟು ತಂದಿದ್ದ ಟೀವಿಯಲ್ಲಿ ಕಂಡಳು. ತಿಂಗಳು ಕಳೆದ ಮೇಲೆ ವೆಂಕಟರಮಣಪ್ಪನ ಹೆಂಡತಿ ಗಂಗರತ್ನಮ್ಮ ಮಾತಾಡಿಸಿಕೊಂಡು ಬರಲು ಹೋದಾಗ, “ಅಕ್ಕಾ, ಈ ದರಿದ್ರ ನನ್ ಮನೇಲಿ ಬೇಡ, ತಗೊಂಡೋಗು” ಎಂದು ಟೀವಿಯನ್ನು ಆಟೋಗೆ ಎತ್ತಿಸಿಬಿಟ್ಟಳು. ಗಂಗರತ್ನಮ್ಮನಿಗೆ ಏನು ಗೊತ್ತು? ತಂದು ಗಂಡನ ಮಂಚದ ಎದುರಿನ ಗೂಡಿನಲ್ಲಿಟ್ಟಳು.

ಒಂಬತ್ತು ವರ್ಷವೂ ಅದು ಅಲ್ಲೇ ಇತ್ತು. ಸಂಜೆ ಗಂಗರತ್ನಮ್ಮ ತೆಲುಗು ಸೀರಿಯಲ್ ಹಾಕುತ್ತಾಳೆ. ಅದರಲ್ಲಿ ಸತ್ತ ಗಂಡ ಅರವತ್ತು ಕಂತಾದ ಮೇಲೆ ಗಡ್ಡ ಬಿಟ್ಟುಕೊಂಡು ವಾಪಸು ಬರುತ್ತಾನೆ. “ಅಯ್ಯೋ ಬತಿಕೇ ಉನ್ನಾಡು ನೋಡ್ರೀ, ಬದುಕೇ ಅವ್ನೆ!” ಎಂದು ಅವಳು ಕೈ ತಟ್ಟುತ್ತಾಳೆ. ವೆಂಕಟರಮಣಪ್ಪ ಗೋಡೆ ಕಡೆ ತಿರುಗಿ ಮಲಗುತ್ತಾನೆ. ಆಗ ಕೇಳಿಸುತ್ತದೆ. ಟೀವಿ ಇಟ್ಟ ಗೂಡಿನ ಹಿಂದೆ ಎಲ್ಲೋ, ಹಲಗೆಗೆ ಬೆರಳ ಗೆಣ್ಣು ತಗುಲಿದ ಹಾಗೆ. ಟಕ್, ಟಕ್, ಟಕ್. ಮೊದಲ ವರ್ಷ ಇಲಿ ಅಂದುಕೊಂಡು ಬೋನು ಇಟ್ಟ. ಇಲಿ ಬಿತ್ತು. ಸದ್ದು ಹೋಗಲಿಲ್ಲ.

ಸದ್ದಿಗೆ ಅವನು ಹೇಗೋ ಹೊಂದಿಕೊಂಡಿದ್ದ. ಮನುಷ್ಯ ಯಾವುದಕ್ಕೆ ತಾನೇ ಹೊಂದಿಕೊಳ್ಳುವುದಿಲ್ಲ? ಆದರೆ ಹೊಸ ಲಾರಿಗಳು ಬಂದ ಮೇಲೆ ಅದೇ ಮೂರು ಪೆಟ್ಟು ಹಗಲು ಹೊತ್ತಿನಲ್ಲಿ, ಎಲ್ಲರ ಕಿವಿಗೂ ಬೀಳುವಂತೆ ಕೇಳಿಸತೊಡಗಿತು. ಅದೂ ಕೊನೆಗೆ ಯಾವ ಚೌಕದಿಂದ ಬಂತು ಗೊತ್ತೇ? ಮೂರನೆಯ ಚೌಕದಿಂದ. ಮೂರನೆಯ ಚೌಕದಲ್ಲಿದ್ದವನು ಶಿವಕುಮಾರ್, ಪೆದ್ದಪ್ಪನ ಮಗ.

ಶಿವಕುಮಾರನಿಗೆ ಇಪ್ಪತ್ತೇಳು. ಮೊದಲು ನರಸಾಪುರದ ಕಂಪನಿ ಬಸ್ಸು ಓಡಿಸುತ್ತಿದ್ದ, ಮೂರು ಶಿಫ್ಟಿಗೂ ಜನರನ್ನು ಹೊತ್ತು ಒಂದು ಗೀರು ಮಾಡಿದವನಲ್ಲ. ಕುಡಿಯುವುದಿಲ್ಲ, ಹಾನ್ಸ್ ತಂಬಾಕು ಹಾಕುವುದಿಲ್ಲ. ಅಪ್ಪನಿಂದ ಅವನಿಗೆ ಬಂದ ಆಸ್ತಿಯೆಂದರೆ ಆ ರೆಪ್ಪೆಗಳು. ಪರದೆಯಲ್ಲಿ ಆ ಮುಖ ಮೊದಲ ಸಲ ಮೂಡಿದಾಗ ವೆಂಕಟರಮಣಪ್ಪ ಕುರ್ಚಿಯಿಂದ ಎದ್ದುಬಿಟ್ಟಿದ್ದ. ಅದೇ ಜೋತ ರೆಪ್ಪೆ, ಅದೇ ಓರೆ ಕ್ರಾಪು, ಸ್ಟೇರಿಂಗಿನ ಹಿಂದೆ ಪೆದ್ದಪ್ಪನೇ ಕೂತು ಅವನ ಕಡೆಗೇ ನೋಡುತ್ತಿದ್ದ. ಇಷ್ಟು ವರ್ಷ ಗೂಡಿನ ಹಿಂದೆ ಇದ್ದವನು ಈಗ ಪರದೆಯ ಮೇಲೆ ಬಂದು ಕೂತ.

ನಂಗಲಿ ದಾಟಿದಾಗ ಫೋನು ಮಾಡಿದರೆ ಶಿವಕುಮಾರ್ ಕ್ಯಾಮೆರಾಕ್ಕೆ ಕೈ ಬೀಸಿ, “ಎದ್ದೇ ಇದ್ದೀನಿ ಮಾವ, ನೀನು ಕುರ್ಚಿ ಮೇಲೆ ಮಲಗ್ಬೇಡ” ಎಂದು ನಗುತ್ತಿದ್ದ. ಮಾವ ಎಂಬ ಆ ಒಂದು ಮಾತಿಗೆ ವೆಂಕಟರಮಣಪ್ಪನ ಎದೆ ಹಿಗ್ಗುತ್ತಲೂ ಇತ್ತು, ಹಿಂಡುತ್ತಲೂ ಇತ್ತು. ಮಕ್ಕಳಿಲ್ಲದ ಮನುಷ್ಯ ಅವನು.

ಶ್ರಾವಣ ಕಳೆದು ಎದುರು ಬಿಸಿಲು ಜೋರಾದ ವಾರ ಮೊದಲನೆಯ ಹಳದಿ ಬಿತ್ತು. ಮರುದಿನ ಎರಡನೆಯದು. ಎರಡು ಸಲವೂ ವೆಂಕಟರಮಣಪ್ಪ ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದ. ಹುಡುಗ ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದ, ಅಷ್ಟೇ. ಆ ಸಂದಿಯಲ್ಲೇ ಗುಡ್ಡೆ ಎಡಕ್ಕೆ ಬಲಕ್ಕೆ ಓಡುತ್ತಿತ್ತು, ಕೈ ಗೇರಿನ ಮೇಲಿತ್ತು. ಕಂಪ್ಯೂಟರಿಗೆ ಅದು ಕಾಣಲಿಲ್ಲ. ಅದಕ್ಕೆ ಕಂಡದ್ದು ಮುಚ್ಚಿದ ರೆಪ್ಪೆ ಮಾತ್ರ.

ಆದರೆ ಮಾತು ಹಬ್ಬಲು ಎಷ್ಟು ಹೊತ್ತು? ಪಂಕ್ಚರ್ ಅಂಗಡಿಯಲ್ಲಿ ಶುರುವಾಗಿ ಸಂಜೆಗೆ ತಾಯಲೂರು ಮುಟ್ಟಿತು. ನೂಲಿನಂತೆ ಸೀರೆ, ಅಪ್ಪನ ನಿದ್ದೆ ಮಗನಿಗೂ ಬಂತು ಎಂದು ಜನ ಆಡಿಕೊಂಡರು. ಮರುದಿನ ಬೆಳಿಗ್ಗೆ ಲಾರಿ ಹೊರಡುವ ಮೊದಲು ಶಿವಕುಮಾರ್ ಆಫೀಸಿಗೆ ಬಂದ. ಕಣ್ಣು ಕೆಂಪಗೆ ಊದಿದ್ದವು.

“ಏನ್ಲಾ, ಮೈಗೆ ಚೆನ್ನಾಗಿಲ್ವಾ?”

“ಮಲಗಕ್ಕೆ ಭಯ ಆಗ್ತದೆ ಮಾವ. ಮನೇಲಿ ಮಲಗಿ ರೂಢಿಯಾದ್ರೆ ಲಾರೀಲೂ ಬಂದ್ಬಿಡ್ತದೇನೋ ಅಂತ ಎದ್ದು ಕೂತ್ಕೊಂಡಿರ್ತೀನಿ.” ಅವನು ಪರದೆಯ ಕಡೆ ನೋಡಿದ. “ನಾನು ಎಚ್ಚರವಾಗೇ ಇದ್ದೆ ಅನ್ಕೊಂಡಿದ್ದೆ. ಮಿಷನ್ನು ಇಲ್ಲ ಅಂತದೆ. ನಮ್ಮಪ್ಪನೂ ಹಂಗೇ ಅನ್ಕೊಂಡಿದ್ನೇನೋ ಅಲ್ವಾ? ನಮ್ಮ ವಂಶದಲ್ಲೇ ಐತೇನೋ ಈ ರೋಗ.”

ವೆಂಕಟರಮಣಪ್ಪ ಪರದೆಯ ಕಡೆ ತಿರುಗಿದ. “ಬಿಡ್ಲಾ, ಬಿಸಿಲು ಕಣೋ ಅದು. ಕಪ್ಪು ಕನ್ನಡಕ ಹಾಕ್ಕೋ” ಎಂದ. ಕನ್ನಡಕ ಹಾಕಿದರೆ ಕಣ್ಣೇ ಕಾಣದೆ ಯಂತ್ರ ಇನ್ನೂ ಬೇಗ ಕೂಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಹುಡುಗ ತಲೆಯಾಡಿಸಿ ಹೋದ.

ಆ ದಿನ ಬಿಸಿಲೇರುವ ಹೊತ್ತಿಗೆ, ಲಾರಿ ನಂಗಲಿ ಊರೊಳಗೆ ಬರುವಾಗ ಮೂರನೆಯ ಹಳದಿ. ಟಿಕ್ ಟಿಕ್ ಟಿಕ್. ಪರದೆಯಲ್ಲಿ ಪೆದ್ದಪ್ಪನ ಮುಖ. ಗೆರೆ ಹೋಗುವವರೆಗೆ ವೆಂಕಟರಮಣಪ್ಪ ಎದ್ದು ನಿಂತೇ ಇದ್ದ.

ಚಂದನ ಒಳಗಿಂದ ಬಂದು ನೋಡಿ ನಿಟ್ಟುಸಿರುಬಿಟ್ಟಳು. “ಮೂರಾಯ್ತು ಅಂಕಲ್. ಫ್ಯಾಕ್ಟರಿಯವ್ರು ಮೇಲ್ ಹಾಕ್ತಾರೆ ಈಗ. ಅಪ್ಪ ಆಗ್ಲೇ ಅಂದಿದಾರೆ, ಇವತ್ತು ವಾಪಸ್ ಬಂದ್ಮೇಲೆ ಅವನನ್ನ ಇಳಿಸಿಬಿಡೋಣ ಅಂತ. ಗೋಡೌನ್ ಕೆಲ್ಸ ಕೊಡ್ತಾರಂತೆ.”

“ಅವನು ಮಲಗಿರಲಿಲ್ಲಮ್ಮ. ಅವನ ಕಣ್ಣೇ ಹಂಗೆ. ಅವರಪ್ಪನ ಕಣ್ಣೂ ಹಂಗೇ ಇತ್ತು. ಮಿಷನ್ನಿಗೆ ಅದನ್ನ ಹೇಳಕ್ಕಾಗಲ್ವಾ?”

“ಹೇಳಬಹುದು. ಕ್ಯಾಮೆರಾದವರಿಗೆ ಬರೆದ್ರೆ ಒಬ್ಬೊಬ್ಬರ ಕಣ್ಣಿಗೆ ತಕ್ಕ ಹಾಗೆ ಸೆಟ್ ಮಾಡ್ಕೊಡ್ತಾರೆ.” ಅವಳು ತಡೆದಳು. ಕೆಟ್ಟ ಹುಡುಗಿಯಲ್ಲ ಅವಳು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. “ಆದ್ರೆ ಅಂಕಲ್, ಅವರಪ್ಪನ ಕಣ್ಣೂ ಹಾಗೇ ಇತ್ತು ಅಂತೀರಿ. ಅವರಪ್ಪ ನಿದ್ದೆ ಮಾಡೇ ತಾನೇ ಹೋಗಿದ್ದು? ಹಾಗಿದ್ದಾಗ ನಾನು ಯಾವ ಧೈರ್ಯದ ಮೇಲೆ ಅಲಾರಂ ಕಮ್ಮಿ ಮಾಡ್ಸಲಿ?”

ವೆಂಕಟರಮಣಪ್ಪ ಪರದೆ ನೋಡಿದ. ಲಾರಿ ನಂಗಲಿ ದಾಟಿ ಆ ಕೆರೆ ಏರಿಯ ತಿರುವಿಗೆ ಬರುತ್ತಿತ್ತು. ಹುಡುಗ ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟು, ಕುತ್ತಿಗೆ ಮುಂದೆ ಚಾಚಿ, ಕಣ್ಣನ್ನು ಬಲವಂತವಾಗಿ ದೊಡ್ಡದು ಮಾಡಿಕೊಂಡು ಕೂತಿದ್ದ. ಅದನ್ನು ನೋಡಲಾಗಲಿಲ್ಲ.

“ಇಲ್ಲ” ಎಂದ. “ಅವನು ಓಡಿಸ್ತಿರಲಿಲ್ಲ. ನಾನು ಓಡಿಸ್ತಿದ್ದೆ.”

ಚಂದನಳಿಗೆ ಅರ್ಥವಾಗಲಿಲ್ಲ. ಎರಡನೆಯ ಸಲ ಹೇಳಿದ. ಮೂರನೆಯ ಸಲ ಹೇಳುವ ಹೊತ್ತಿಗೆ ಬಾಗಿಲಲ್ಲಿ ಕೋದಂಡರಾಮಪ್ಪನವರು ನಿಂತಿದ್ದರು. ಪಲಮನೇರಿನ ಟೀ ಅಂಗಡಿಯಿಂದ ಹಿಡಿದು ಆಸ್ಪತ್ರೆಯ ‘ಹೂಂ’ವರೆಗೆ ಎಲ್ಲವನ್ನೂ ಹೇಳಿದ. ಹೇಳುವಾಗ ಅಳಲಿಲ್ಲ. ಹೇಳಿ ಮುಗಿಸಿದ ಮೇಲೆ ಕುರ್ಚಿಯಲ್ಲಿ ಕೂತ.

ಕೋದಂಡರಾಮಪ್ಪನವರು ಒಳಗೆ ಬಂದು ಬಾಗಿಲು ಎಳೆದುಕೊಂಡರು. ಆಮೇಲೆ ದನಿ ತಗ್ಗಿಸಿ, “ಪೋನೀಯಪ್ಪಾ, ಬಿಟ್ಹಾಕು. ಆಗಿದ್ದು ಆಗೋಯ್ತು. ಈಗ ಕೆದಕಿ ಯಾರಿಗೇನು ಲಾಭ? ಸತ್ತೋನು ಬಂದು ಕೇಳ್ತಾನಾ?” ಎಂದರು.

“ಕೇಳ್ತಾನೆ ಯಜಮಾನ್ರೇ. ದಿನಾ ಕೇಳ್ತಾನೆ.”

ತಂದೆ ಮಗಳು ಮುಖ ಮುಖ ನೋಡಿಕೊಂಡರು. “ಹಂಗಾದ್ರೆ ಆ ಹೆಣ್ಣುಮಗಳ ಹತ್ರ ನೀನೇ ಹೋಗಿ ಹೇಳು. ನನ್ ಕೈಲಾಗಲ್ಲ” ಎಂದು ಕೋದಂಡರಾಮಪ್ಪನವರು ಟವೆಲು ಹೆಗಲಿಗೆ ಹಾಕಿಕೊಂಡು ಹೊರಟುಹೋದರು. ಚಂದನ ಕಂಪ್ಯೂಟರಿನ ಮುಂದೆ ಕೂತು ಕ್ಯಾಮೆರಾದವರಿಗೆ ಬರೆಯಲು ಶುರುಮಾಡಿದಳು.

ಮರುದಿನ ಬೆಳಿಗ್ಗೆ ವೆಂಕಟರಮಣಪ್ಪ ತಾಯಲೂರಿನ ಬಸ್ಸು ಹತ್ತಿದ. ಪಿತೃಪಕ್ಷ ಹಿಡಿದಿತ್ತು. ಆ ವಾರದ ಕೊನೆಗೆ ಮಹಾಲಯ ಅಮಾವಾಸ್ಯೆ, ಹಿರಿಯರಿಗೆ ಎಡೆ ಇಡುವ ದಿನ. ಬಸ್ಸಿನ ತುಂಬ ಬಾಳೆಲೆಯ ಕಟ್ಟು, ಕುಂಬಳಕಾಯಿ. ಅವನು ಮಡಿಲಲ್ಲಿ ಖಾಲಿ ಕೈ ಇಟ್ಟುಕೊಂಡು ಕೂತ.

ಮುನಿಶಾಮಮ್ಮನ ಮನೆ ಬಾಗಿಲು ಅರೆ ತೆರೆದಿತ್ತು. ಒಳಗೆ ರೇಷ್ಮೆಹುಳು ಸೊಪ್ಪು ಮೇಯುವ ಸರಸರ ಸದ್ದು. ಕೈ ತಾನಾಗಿಯೇ ಮೇಲೆದ್ದು ಬಾಗಿಲ ಹಲಗೆಗೆ ಮೂರು ಪೆಟ್ಟು ತಟ್ಟಿತು. ತಟ್ಟಿದ ಮೇಲೆ ತಾನೇ ಬೆಚ್ಚಿದ. ಪಲಮನೇರಿನಲ್ಲಿ ತಟ್ಟಬೇಕಾಗಿದ್ದದ್ದು ಒಂಬತ್ತು ವರ್ಷ ತಡವಾಗಿ ಇಲ್ಲಿಗೆ ಬಂದು ಮುಟ್ಟಿತ್ತು.

“ಯಾರು? ಓ, ಅಣ್ಣ, ಬನ್ನಿ ಬನ್ನಿ. ಏನು ಕಾಲೆಳ್ಕೊಂಡು ಇಷ್ಟು ದೂರ?” ಮುನಿಶಾಮಮ್ಮ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದಳು. ಎದ್ದು ಕುರ್ಚಿ ಎಳೆದಳು. “ಕಾಫಿ ಇಡ್ತೀನಿ ಇರಿ.”

“ಬೇಡ ತಂಗೀ. ಮೊದಲು ನಾನು ಹೇಳೋದು ಕೇಳು. ಕೇಳಿದ್ಮೇಲೆ ಕೊಡೋ ಹಂಗಿದ್ರೆ ಕೊಡು.”

ಅವನು ಕುರ್ಚಿಯ ಮೇಲೆ ಕೂರಲಿಲ್ಲ. ಗೋಡೆಗೆ ಒರಗಿ ನಿಂತೇ ಹೇಳಿದ. ಅವಳು ತಲೆ ತಗ್ಗಿಸಿ ಸೊಪ್ಪು ಹೆಚ್ಚುತ್ತ ಕೇಳಿದಳು. ಚಾಕು ಒಂದೇ ಲಯದಲ್ಲಿ ನಡೆಯುತ್ತಿತ್ತು. ‘ನಾನು ಅವನನ್ನ ಎಬ್ಬಿಸಲಿಲ್ಲ’ ಎಂಬಲ್ಲಿ ನಿಂತಿತು, ಆಮೇಲೆ ನಡೆಯಲಿಲ್ಲ.

“ಅವ್ರು ಮಲಗಿದ್ರಾ?” ಎಂದಳು ಕೊನೆಗೆ.

“ಹಿಂದೆ ಹಲಗೆ ಮೇಲೆ. ಒಳ್ಳೇ ನಿದ್ದೆ. ಗೊತ್ತೇ ಆಗಿರಲ್ಲ ತಂಗೀ.”

“ಓಡಿಸ್ತಾ ಮಲಗಿರಲಿಲ್ಲ.”

“ಇಲ್ಲ. ಹದಿನಾರು ವರ್ಷದಲ್ಲಿ ಒಂದಿನಾನೂ ಇಲ್ಲ.”

ಅವಳು ಗೋಡೆಯ ಕಡೆ ನೋಡಿದಳು. ಅಲ್ಲಿ ಆ ಮದುವೆಯ ಫೋಟೋ, ಐದನೆಯ ಸಲ ಸೋತು ತೆಗೆದ ಫೋಟೋ. ಅದಕ್ಕೆ ಹೂವಿರಲಿಲ್ಲ. ಎಷ್ಟೋ ವರ್ಷದ ಧೂಳು ಗಾಜಿನ ಮೇಲೆ ಕೂತಿತ್ತು.

“ಎಡೆ ಇಡ್ತೀನಣ್ಣ ವರ್ಷ ವರ್ಷ” ಎಂದಳು. “ಪದ್ಧತಿ ಬಿಡಬಾರದು ಅಂತ. ಅವ್ರಿಗೆ ಇಷ್ಟ ಅಂತ ವಡೆ ಮಾಡ್ತೀನಿ, ಬೀಡಿ ಕಟ್ಟು ಇಡ್ತೀನಿ. ಎಲ್ಲಾ ಇಟ್ಟು, ಬಾಗಿಲು ಹಾಕಿ ಬೈತೀನಿ. ಹೆಂಡ್ತಿ ಮಗನಿಗಿಂತ ನಿನಗೆ ನಿದ್ದೆ ಹೆಚ್ಚಾಯ್ತೇನೋ, ಪಾಪಿ ಮುಂಡೇಗಂಡ, ಅಂತ ಬಾಯಿಗೆ ಬಂದಂಗೆ ಬೈತೀನಿ. ಬೈಸ್ಕೊಂಡು ಉಣ್ಣಲಿ ಅಂತ.” ದನಿ ಅಲ್ಲಿಯವರೆಗೆ ಗಟ್ಟಿಯಾಗಿತ್ತು, ಅಲ್ಲಿ ಒಡೆಯಿತು. “ಒಂಬತ್ತು ಎಡೆ ಬೈಸ್ಕೊಂಡೇ ಉಂಡು ಹೋದ್ರಣ್ಣ ಆ ಮನುಷ್ಯ. ನಾನಲ್ಲ ಕಣೇ ಅಂತ ಹೇಳಕ್ಕೆ ಅವರಿಗೆ ಬಾಯಿರಲಿಲ್ಲ. ನಿಮಗಿತ್ತು.”

ವೆಂಕಟರಮಣಪ್ಪ ಅಲ್ಲೇ ಕುಕ್ಕರಿಸಿದ. ಮುಖವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು, ವಯಸ್ಸಾದ ಗಂಡಸು ಹೇಗೆ ಅಳಬಾರದೋ ಹಾಗೆ ಅತ್ತ. “ಸ್ಟೇಷನ್ನಿಗೆ ಬಂದು ಹೇಳು ಅಂದ್ರೆ ಹೇಳ್ತೀನಿ. ಊರ ಮುಂದೆ ಅಂದ್ರೂ ಹೇಳ್ತೀನಿ” ಎಂದ.

“ಊರ ಮುಂದೆ ಹೇಳಿ. ಮಗನಿಗೋಸ್ಕರ” ಎಂದಳು ಅವಳು. ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಕಾಫಿಯ ಮಾತು ಮತ್ತೆ ಎತ್ತಲಿಲ್ಲ. ಫೋಟೋವನ್ನು ಮೊಳೆಯಿಂದ ಬಿಡಿಸಿ ಗಾಜು ಒರೆಸುತ್ತ, ಅವನ ಕಡೆ ನೋಡದೆಯೇ ಕೇಳಿದಳು: “ನಮ್ಮ ಟೀವಿ ನಿಮ್ಮನೇಲಿದೆಯಲ್ಲ, ಕೆಟ್ಟಿಲ್ಲ ತಾನೇ?”

“ಇಲ್ಲ.”

“ಅಮಾವಾಸ್ಯೆ ಒಳಗೆ ತಂದು ಕೊಟ್ಬಿಡಿ. ಅವ್ರು ಆಸೆಪಟ್ಟು ತಂದಿದ್ದು.”

ಅಮಾವಾಸ್ಯೆಯ ಹಿಂದಿನ ದಿನ ಟೀವಿ ತಾಯಲೂರಿಗೆ ಹೋಯಿತು. ಗಂಗರತ್ನಮ್ಮನಿಗೂ ಅಷ್ಟು ಹೊತ್ತಿಗೆ ಎಲ್ಲ ಗೊತ್ತಾಗಿತ್ತು. ಅವಳು ಟೀವಿಗೆ ಹೊದಿಸಿದ್ದ ಕಸೂತಿ ಬಟ್ಟೆಯನ್ನೂ ಸೇರಿಸಿ ಕಟ್ಟಿಕೊಟ್ಟಳು, ಗಂಡನನ್ನು ಮಾತ್ರ ಎರಡು ದಿನ ಮಾತಾಡಿಸಲಿಲ್ಲ. ವೆಂಕಟರಮಣಪ್ಪ ಪಂಕ್ಚರ್ ಅಂಗಡಿಯ ಮುಂದೆಯೇ ನಿಂತು, ಹತ್ತು ಜನ ಇರುವ ಹೊತ್ತು ನೋಡಿ ಹೇಳಿದ. ನಿದ್ದೆ ಗೆದ್ದವನ ಬಾಯಿಂದ ಆ ಮಾತು ಬಂದಾಗ ಯಾರಿಗೂ ನಗು ಬರಲಿಲ್ಲ. ಅಂಗಡಿಯವನು ಅಂದಿನಿಂದ ಅವನ ಟೀವಿ ನೋಡುವ ಪುಣ್ಯದ ಸುದ್ದಿ ಎತ್ತಿಲ್ಲ.

ಕ್ಯಾಮೆರಾದವರು ಬಂದು ಶಿವಕುಮಾರನ ಕಣ್ಣಿನ ಅಳತೆ ತೆಗೆದುಕೊಂಡು ಹೋದರು. ಫ್ಯಾಕ್ಟರಿಯವರೂ ಒಪ್ಪಿದರು. ಎಂಟು ದಿನದ ಮೇಲೆ ಮೂರನೆಯ ಚೌಕದಲ್ಲಿ ಮತ್ತೆ ಆ ಮುಖ ಮೂಡಿತು. ಚೆನ್ನಾಗಿ ನಿದ್ದೆ ಮಾಡಿ ಬಂದ ಮುಖ, ಊತ ಇಳಿದಿತ್ತು. ಲಾರಿ ಕೋಲಾರ ದಾಟಿತು, ಮುಳಬಾಗಿಲು ದಾಟಿತು. ಎದುರು ಬಿಸಿಲಿಗೆ ಹುಡುಗ ಕಣ್ಣು ಕಿರಿದು ಮಾಡಿದ. ಯಂತ್ರ ಸುಮ್ಮನಿತ್ತು. ವೆಂಕಟರಮಣಪ್ಪ ಆಚೀಚೆ ನೋಡಿ ಪರದೆಗೆ ಒಂದು ಸಲ ಕೈ ಮುಗಿದ.

ನಂಗಲಿ ಬಂತು. ವೇಳಾಪಟ್ಟಿಯ ಪ್ರಕಾರ ಫೋನು ಮಾಡಿದ. ಎರಡು ಸಲ ರಿಂಗಾಗಿ ಅತ್ತ ಎತ್ತಿದ ಸದ್ದು ಕೇಳಿತು. ಹುಡುಗ ಕ್ಯಾಮೆರಾದ ಕಡೆ ತಿರುಗಲಿಲ್ಲ, ಕೈ ಬೀಸಲಿಲ್ಲ, ರಸ್ತೆಯನ್ನೇ ನೋಡುತ್ತಿದ್ದ.

“ಎದ್ದಿದ್ದೀನಿ” ಎಂದ.

ವೆಂಕಟರಮಣಪ್ಪ ಫೋನನ್ನು ಕಿವಿಯಿಂದ ತೆಗೆಯದೆ ಕಾದ. ಇನ್ನೊಂದು ಮಾತು ಬರಬಹುದೆಂದು ಕಾದ. ಮಾವ ಎಂಬ ಮಾತು. ಆದರೆ ಹುಡುಗ ಫೋನು ಇಟ್ಟಾಗಿತ್ತು.